ಮುರಿದ ದವಡೆ

ನೀರು ಬಿದ್ದು ಚುಂಯ್ ಎಂದ ಬೆನ್ನಿಗೇ ಇನ್ನೊಂದು ಸದ್ದು ಬಂತು. ಹಂಚಿಗೆ ಕಲ್ಲು ತಾಗಿದಂಥ ಚಿಕ್ಕ, ಒಣ ಸದ್ದು. ಸುಂದರವ್ವನ ಕೈಯಲ್ಲಿ ತಂಬಿಗೆ ಇನ್ನೂ ಬಾಗಿಯೇ ಇತ್ತು. ಉಗಿ ಅವಳ ಮುಖಕ್ಕೆ ಹೊಡೆಯಿತು. ಅದು ಸರಿದಾಗ ಕೆಲಸದ ತುಂಡನ್ನು ಕಚ್ಚಿ ಹಿಡಿಯುವ ವೈಸಿನ ಎರಡು ದವಡೆಗಳಲ್ಲಿ ಒಂದು ಇರಲಿಲ್ಲ. ಬುಡದಿಂದ ಕಳಚಿ ಕುಲುಮೆಯ ಅಡಿಗಲ್ಲಿನ ಪಕ್ಕದ ಬೂದಿಯಲ್ಲಿ ಬಿದ್ದಿತ್ತು.

"ತಡಿ" ಅಂದ ಗಂಡ ನೀಲಪ್ಪ. ತಡೆಯಲು ಏನೂ ಉಳಿದಿರಲಿಲ್ಲ.

"ಅಯ್ಯ ಶಿವನ! ಏನಾತವಾ ಇದು!" ಎಂದು ಬಾಗಿಲಲ್ಲಿ ಕುಳಿತ ಅತ್ತೆ ಶಾರವ್ವ ಎದೆ ಮೇಲೆ ಕೈ ಇಟ್ಟುಕೊಂಡಳು.

ಕುಲುಮೆಯಿಂದ ಹೊರಗೆ ಹೋಗುವ ಸಾಮಾನಿಗೆ ಮನೆಯ ಸೊಸೆ ಒಂದು ತಂಬಿಗೆ ನೀರು ಹೊಯ್ದು ಕುಂಕುಮ ಹಚ್ಚುವುದು ಹುನಗುಂದದ ಆ ಕಮ್ಮಾರರ ಮನೆಯಲ್ಲಿ ನೀಲಪ್ಪನ ಅಜ್ಜನ ಕಾಲದಿಂದ ನಡೆದುಬಂದದ್ದು. ಬೆಂಕಿ ಮನೆಯಲ್ಲಿ ಉಳಿಯಬೇಕು, ಕಬ್ಬಿಣ ತಣ್ಣಗೆ ಹೋಗಬೇಕು ಎನ್ನುವ ಮಾತು. ಸುಂದರವ್ವ ಈ ಮನೆಗೆ ಬಂದಾಗಿನಿಂದ ನೇಗಿಲ ಕುಡ, ಕುಡುಗೋಲು, ಬಂಡಿಯ ಹಳಿ ಎಲ್ಲಕ್ಕೂ ನೀರು ಹೊಯ್ದಿದ್ದಳು. ಎಲ್ಲವೂ ಚುಂಯ್ ಎಂದು ಸುಮ್ಮನಾಗಿದ್ದವು. ಆದರೆ ಅವೆಲ್ಲ ಬಡಿದು ಮಾಡಿದ ಕಬ್ಬಿಣ. ವೈಸು ಬೀಡಿನದು, ಎರಕ ಹೊಯ್ದದ್ದು; ಕಾದಾಗ ನೀರು ಬಿದ್ದರೆ ಬಿರಿಯುವಂಥದ್ದು. ಆ ಕುಲುಮೆಗೆ ಬೀಡಿನ ಸಾಮಾನು ಬಂದದ್ದು ಇದೇ ಮೊದಲು.

ಬಾಗಲಕೋಟೆಯ ಕಡೆ ಮುಚ್ಚಿಹೋದ ಒಂದು ಹತ್ತಿ ಜಿನ್ನಿನ ಕಾರಖಾನೆಯಿಂದ ಅದು ಬಸ್ಸಿನ ಮೇಲೆ ಬಂದಿತ್ತು. ಮಳೆಗೆ ನೆನೆದು ಜಂಗು ಹಿಡಿದು, ತಿರುಪು ಒಂದು ಕೂದಲಷ್ಟೂ ಕದಲುತ್ತಿರಲಿಲ್ಲ. ತಂದವರು ಪಂಢರೀನಾಥ ಮಾಸ್ತರು. ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿದ ಮರುವರ್ಷ ಊರಿಗೆ ಮಂಜೂರಾದ ಕೈಗಾರಿಕೆ ಸಾಲೆಗೆ ಅವರೇ ಮುಖ್ಯರು. "ಇದಕ್ಕ ಜೀವಾ ತಾ ನೀಲಪ್ಪ. ಇಲಾಖೆ ಸಾಹೇಬರು ಬಂದು ನೋಡಲಿ. ಕಮ್ಮಾರಿಕಿ ಕಲಸೋ ಮಾಸ್ತರ ನೀನ" ಎಂದಿದ್ದರು.

ನೀಲಪ್ಪ ಅಂದಿನಿಂದ ಬೇರೆ ಕೆಲಸ ಮುಟ್ಟಲಿಲ್ಲ. ತಿರುಪಿಗೆ ಚಿಮಣಿ ಎಣ್ಣೆ ಕುಡಿಸಿದ, ಕಾಯಿಸಿದ, ಮರದ ಸುತ್ತಿಗೆಯಿಂದ ತಟ್ಟಿ ತಟ್ಟಿ ಬಿಡಿಸಿದ. ಸವೆದ ಹಲ್ಲುಗಳನ್ನು ಉಳಿಯಿಂದ ಹೊಸದಾಗಿ ಕಡಿದ. ಹಿಡಿ ಹೊಸದು ಮಾಡಿದ. ನಿನ್ನೆ ಮಾಸ್ತರು ನೋಡಲು ಬಂದಾಗ ಸುತ್ತಿಗೆಯಿಂದ ಅದನ್ನು ಮೆಲ್ಲಗೆ ಬಡಿದು, "ಕೇಳ್ರಿ, ಗಂಟಿ ನುಡದಂಗ ನುಡೀತೈತಿ. ಕೂದಲೆಳಿಯಷ್ಟು ಸೀಳಿಲ್ಲ" ಎಂದಿದ್ದ. "ಅದನ್ನ ಸಾಹೇಬರಿಗೂ ಹೇಳತೇನಿ" ಎಂದು ಮಾಸ್ತರು ನಕ್ಕಿದ್ದರು.

ಇವತ್ತು ಮುಂಜಾನೆ ಕೊನೆಯ ಕೆಲಸ. ವೈಸನ್ನು ಕಾಯಿಸಿ, ಅರಿವೆಯಿಂದ ಕುಸುಬಿ ಎಣ್ಣೆ ತಿಕ್ಕಿ ಕರ್ರಗೆ ಹೊಳೆಯಿಸಿದ್ದ. "ಎಮ್ಮಿ ಮೈ ತಿಕ್ಕಿದಂಗ ತಿಕ್ಕತೀಯಲ್ಲೋ. ಹಾಲೂ ಕರಕೋ ಮತ್ತ" ಎಂದು ಶಾರವ್ವ ಚೇಷ್ಟೆ ಮಾಡಿದ್ದಳು. ಅವನು ನಗುತ್ತಲೇ ಒಳಗೆ ಕೂಗಿದ್ದ: "ಏ ಇಕಿನ, ತಂಬಿಗಿ ತಾ. ಮಾಸ್ತರು ಬರೂ ಹೊತ್ತಾತು."

ಅವನೇ ಕೂಗಿದ್ದ.

ಈಗ ನೀಲಪ್ಪ ಇಕ್ಕಳದಿಂದ ಮುರಿದ ದವಡೆಯನ್ನು ಎತ್ತಿದ. ಮುರಿದ ಮುಖ ಬಾಗಿಲ ಕಡೆಗೆ ತಿರುಗಿತು. ಸುಂದರವ್ವನಿಗೂ ಕಂಡಿತು. ಅಂಚಿನಲ್ಲಿ ಮಾತ್ರ ನೂಲಿನಷ್ಟು ತೆಳ್ಳಗೆ ಬೆಳ್ಳಿಯ ಹೊಳಪಿತ್ತು. ಉಳಿದದ್ದೆಲ್ಲ ಕಪ್ಪು, ಹಳೆಯ ಜಂಗಿನ ಕಪ್ಪು.

"ಇದು ಮೊದಲ ಒಡದಿತ್ತಲ್ಲರಿ?" ಎಂದಳು. ಅವಳ ಎದೆಯ ಭಾರ ಒಮ್ಮೆಲೇ ಇಳಿದಿತ್ತು. "ನೋಡ್ರಿ, ಇಷ್ಟs ಈಗ ಮುರದದ್ದು."

ನೀಲಪ್ಪ ಹೆಬ್ಬೆರಳಿನಿಂದ ಆ ಕಪ್ಪನ್ನು ಒಮ್ಮೆ ಉಜ್ಜಿದ. ಬೆರಳು ಸುಟ್ಟರೂ ತೆಗೆಯಲಿಲ್ಲ. ಆಮೇಲೆ ತುಂಡನ್ನು ಬೂದಿಯಲ್ಲಿ ಬೋರಲು ಇಟ್ಟ.

ಅಷ್ಟರಲ್ಲಿ ಮಾಸ್ತರ ಕೊಡೆ ಬಾಗಿಲಲ್ಲಿ ಕಂಡಿತು. ಒಂದೇ ದವಡೆಯ ವೈಸನ್ನು ನೋಡಿ ಅವರು ಹೊಸ್ತಿಲಲ್ಲೇ ನಿಂತರು.

"ಏನೋ ಇದು?"

"ನಾ ಬ್ಯಾಡ ಬ್ಯಾಡ ಅಂದೆರಿ ಮಾಸ್ತರ್ರ. ಕಾಯ್ದದ್ದೈತಿ, ನೀರ ಹಾಕಬ್ಯಾಡ ಅಂದೆ. ಇಕಿ ಕೇಳಲಿಲ್ರಿ. ಸುರದ ಬಿಟ್ಲು."

ಸುಂದರವ್ವನಿಗೆ ಮೊದಲು ಅವನು ಬೇರೆ ಯಾರದೋ ಮಾತು ಹೇಳುತ್ತಿದ್ದಾನೆ ಎನ್ನಿಸಿತು. ಆಮೇಲೆ ಕೈಯಲ್ಲಿದ್ದ ತಂಬಿಗೆಯನ್ನು ಎಲ್ಲಿ ಇಡಬೇಕೆಂದು ತಿಳಿಯಲಿಲ್ಲ. ಅತ್ತೆಯ ಕಡೆ ನೋಡಿದಳು. ಮಗ ಕೂಗಿದ್ದನ್ನು ಅವಳು ಕೇಳಿದ್ದಳು, ಬಾಗಿಲಲ್ಲೇ ಇದ್ದಳು.

ಶಾರವ್ವ ಸೆರಗು ಸರಿಮಾಡಿಕೊಂಡಳು. "ಹೆಂಗಸರ ಬುದ್ಧಿರಿ. ಏನ ಮಾಡೂದು" ಅಂದಳು.

ಮಾಸ್ತರು ಕೊಡೆ ಮಡಚಿ ಕಟ್ಟೆಯ ಮೇಲೆ ಕುಳಿತರು. ಆಮೇಲೆ ಸುಂದರವ್ವನ ಕಡೆ ತಿರುಗಿ, "ಹೋಗ್ಲಿ ಬಿಡವಾ. ತಿಳೀದ ಆಗ್ಯದ" ಎಂದರು. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಅವಳಿಗೆ. "ನೀಲಪ್ಪ, ಆ ತುಂಡು ಕೊಡು. ಬಾಗಲಕೋಟಿಯೊಳಗ ಹಿತ್ತಾಳಿ ಬೆಸಗಿ ಹಾಕೋರು ಇದ್ದಾರ. ನಿನ್ನ ಕೈಯಾಗಿನ ಕೆಲಸಕ್ಕೇನೂ ಕುಂದಿಲ್ಲ. ಮನ್ಯಾಗಿನ ಹೆಣಮಗಳು ಮಾಡಿದ ತಪ್ಪು ಅಂತ ಸಾಹೇಬರಿಗಿ ನಾನ ಹೇಳತೇನಿ."

"ಬೂದಿ ಹತ್ತೇತ್ರಿ. ತೊಳಸಿ ಕೊಡತೇನಿ" ಎಂದ ನೀಲಪ್ಪ.

ತುಂಡನ್ನು ಅರಿವೆಯಲ್ಲಿ ಹಿಡಿದು ಅವಳನ್ನು ಹಿತ್ತಿಲಿಗೆ ಕರೆದೊಯ್ದ. ದನಿ ತಗ್ಗಿಸಿದ. "ಹುಣಸಿಹಣ್ಣು ಬೂದಿ ಹಚ್ಚಿ ತಿಕ್ಕು. ಕರೀದೆಲ್ಲಾ ಹೋಗಬೇಕು. ಹೊಸಾದು ಮುರದಂಗ ಬೆಳ್ಳಗ ಕಾಣಬೇಕು."

"ನೀವs ಕರದಿದ್ರಿ ನನ್ನ."

"ಕರದಿದ್ದೆ. ಈಗ ಅದನ್ನ ಊರಿಗೆಲ್ಲಾ ಸಾರಲೇನು? ಸೀಳಿದ್ದು ಗುರ್ತ ಹತ್ತದವ ಹುಡುಗೂರಿಗಿ ಏನ ಕಲಸತಾನ ಅಂದ್ರ ಏನ ಹೇಳಲಿ? ನೌಕರಿ ಬ್ಯಾಡೇನ ನಿನಗ?"

"ಮತ್ತ ನಂದು?"

ಅವನು ನಿಜಕ್ಕೂ ತಿಳಿಯದವನಂತೆ ಅವಳ ಮುಖ ನೋಡಿದ. "ನಿಂದೇನೈತಿ?" ಎಂದ. "ನಾಕ ಮಂದಿ ನಾಕ ದಿನ ಅಂತಾರ, ಮರೀತಾರ."

ಹೇಳಿ ಒಳಗೆ ಹೋದ.

ಸುಂದರವ್ವ ಬಚ್ಚಲ ಕಲ್ಲಿನ ಮುಂದೆ ಕುಳಿತಳು. ತುಂಡು ಇನ್ನೂ ಬೆಚ್ಚಗಿತ್ತು. ಒಂದು ಉಂಡೆ ಹುಣಸೆಹಣ್ಣು ಮುರಿದು ಬೂದಿಗೆ ಒತ್ತಿದಳು. ಒಳಗಿನಿಂದ ಮಾಸ್ತರ ದನಿ ಕೇಳುತ್ತಿತ್ತು, ಸಾಲೆಯ ಕೋಣೆಯಲ್ಲಿ ಕುಲುಮೆ ಎಲ್ಲಿ ಕೂಡಿಸಬೇಕು ಎಂದು. ನೀಲಪ್ಪ ಗಾಳಿಯ ದಿಕ್ಕಿನ ಬಗ್ಗೆ ಏನೋ ಹೇಳಿದ. ಅವನ ದನಿ ಎಂದಿನಂತೆಯೇ ಇತ್ತು. ಅದನ್ನು ಕೇಳಿ ಅವಳ ಕೈ ನಿಂತಿತು. ಸುಳ್ಳು ಹೇಳಿದ ಮೇಲೆ ಮನುಷ್ಯನ ದನಿ ಸ್ವಲ್ಪವಾದರೂ ಬದಲಾಗುತ್ತದೆ ಎಂದು ಅವಳು ತಿಳಿದಿದ್ದಳು.

ಬೆರಳಿನ ಹುಣಸೆಹಣ್ಣನ್ನು ಕಲ್ಲಿಗೆ ಒರಸಿ ಎದ್ದಳು.

ಅವಳು ಕುಲುಮೆಗೆ ಬಂದಾಗ ನೀಲಪ್ಪ ಕೈ ಚಾಚಿದ. ಅವಳು ಅವನನ್ನು ದಾಟಿ ಹೋಗಿ, ಮಾಸ್ತರ ಪಕ್ಕದ ಕಟ್ಟೆಯ ಮೇಲೆ ತುಂಡನ್ನು ಇಟ್ಟಳು, ಮುರಿದ ಮುಖ ಮೇಲಾಗಿ.

"ಇದು ಹಿಂಗs ಇತ್ರಿ" ಎಂದಳು. "ತಿಕ್ಕಿಲ್ಲ."

"ಒಳಗ ನಡಿ" ಎಂದ ನೀಲಪ್ಪ. ಅವಳು ಕದಲಲಿಲ್ಲ.

ಮಾಸ್ತರು ಜೇಬಿನಿಂದ ಚಾಳೀಸು ತೆಗೆದು ಕಣ್ಣಿಗೆ ಹಾಕಿಕೊಂಡರು. ತುಂಡನ್ನು ಎತ್ತಿ ಬಿಸಿಲಿಗೆ ಹಿಡಿದರು. ಕಪ್ಪಿನ ಒಂದು ಮೂಲೆಯನ್ನು ಉಗುರಿನಿಂದ ಕೆರೆದರು. ಸೀಳಿನೊಳಗೆ ಎಂದೋ ಇಳಿದು ಒಣಗಿದ್ದ ಹಸಿರು ಬಣ್ಣದ ಚಕ್ಕೆಯೊಂದು ಎದ್ದು ಅವರ ಬೆರಳಿಗೆ ಅಂಟಿಕೊಂಡಿತು. ಜಿನ್ನಿನವರು ಹೊಡೆದ ಬಣ್ಣ; ಸೀಳು ಆಗಲೇ ಇತ್ತು. ಅವರು ಆ ಬೆರಳನ್ನೇ ನೋಡುತ್ತ ಕುಳಿತರು.

"ನೀಲಪ್ಪ" ಎಂದರು ಕೊನೆಗೆ, ಮೆಲ್ಲಗೆ. "ಇಲ್ಲಿ ಬಾ."

ನೀಲಪ್ಪ ಎಣ್ಣೆಯ ಅರಿವೆ ಹಿಡಿದು ನಿಂತಲ್ಲೇ ನಿಂತಿದ್ದ. ಬಾಗಿಲಲ್ಲಿ ಶಾರವ್ವ ಎದ್ದು, ಯಾರ ಮುಖವನ್ನೂ ನೋಡದೆ ಒಳಗೆ ಹೋದಳು. ಕುಲುಮೆಯ ಕೆಂಡದ ಮೇಲೆ ಬೂದಿ ಕಟ್ಟುತ್ತಿತ್ತು. ತಿದಿ ಒತ್ತಲು ಯಾರೂ ಬಾಗಲಿಲ್ಲ.