ಬೇಸ್‌ಮೆಂಟಿನಲ್ಲಿ ತುಂಬಿದ ಉಡಿ

ಬೇಸ್‌ಮೆಂಟನ್ನು ಕಿತ್ತು ಹೊಸದು ಮಾಡುವ ಮಾತು ಬಂದಾಗ ವಸುಧಾ ಕೇಳಿದ್ದು ಒಂದೇ: ಹಿಂದಿನ ಮೂಲೆಯಲ್ಲಿ ಬಾಗಿಲಿರುವ ಒಂದು ಕೋಣೆ, ತನಗೆ. ಮಗಳು ಅಕ್ಷರಾ ಬೇರೆ ಊರಿನ ಕಾಲೇಜಿಗೆ ಹೋದ ಮೇಲೂ ಆ ಮನೆಯಲ್ಲಿ ಅವಳು ಒಬ್ಬಳೇ ಕೂರುವ ಜಾಗವೆಂದರೆ ಗರಾಜಿನಲ್ಲಿ ನಿಂತ ಕಾರು. ದಿನಸಿ ತಂದವಳು ಎಂಜಿನ್ ಆರಿಸಿ, ಚೀಲಗಳನ್ನು ಇಳಿಸದೆ, ಸುಮ್ಮನೆ ಕೂತಿರುತ್ತಿದ್ದಳು.

"ನನ್ನ ಹೋಮ್ ಥಿಯೇಟರ್ ಸ್ವಲ್ಪ ಸಣ್ಣದಾಗತೈತಿ ಅಷ್ಟ. ತಗೋ," ಎಂದ ಗಂಡ ಸ್ವರೂಪ. ಡಿಯರ್‌ಬಾರ್ನ್‌ನಲ್ಲಿ ಕಾರಿನ ಬಾಗಿಲು ಡಿಸೈನ್ ಮಾಡುವವನಿಗೆ ಹೆಂಡತಿಗೊಂದು ಬಾಗಿಲು ಕೊಡುವುದು ಕಷ್ಟವಾಗಲಿಲ್ಲ.

ಅಮೆರಿಕಾದ ರಾಚೆಸ್ಟರ್ ಹಿಲ್ಸ್‌ನ ಆ ಮನೆಯ ಬೇಸ್‌ಮೆಂಟ್ ಹಿಂದಿನ ಮಾಲೀಕರ ಕಾಲದಲ್ಲೇ ನಿಂತುಬಿಟ್ಟಿತ್ತು. ಕಂದು ಹಲಗೆ ಹೊದ್ದ ಗೋಡೆ, ನೀರಿನ ಕಲೆ ಬಿದ್ದ ಚೌಕ ಚೌಕದ ಸೀಲಿಂಗ್, ಕಾಲಿಟ್ಟರೆ ತೇವ ಎನಿಸುವ ಕಿತ್ತಳೆ ಕಾರ್ಪೆಟ್. ಹೊರಗೆ ಮೂಗು ಮರಗಟ್ಟುವ ಚಳಿಯಿದ್ದ ಒಂದು ಶನಿವಾರ ಸ್ವರೂಪ ಹಿಂದಿನ ಮೂಲೆಯ ಹಲಗೆ ಕಿತ್ತ. ಒಳಗೆ ಇನ್ನೊಂದು ಗೋಡೆ. ಅದರ ತಿಳಿಹಳದಿಯ ನಡುವೆ, ತಲೆಯಷ್ಟು ಅಗಲದ ಒಂದು ದುಂಡನೆಯ ಜಿಡ್ಡಿನ ಕಲೆ.

ಗದಗಿನಿಂದ ಬಂದಿದ್ದ ಅತ್ತೆ ಕಮಲವ್ವ ಶಾಲು ಹೊದ್ದು ಇಳಿದು ಬಂದರು. ಕಲೆ ಮುಟ್ಟಿ ಬೆರಳು ಮೂಸಿದರು.

"ಹೆಣ್ಣಮಗಳ ತಲಿ ಇದು. ಇಲ್ಲೇ ಕುರ್ಚಿ ಹಾಕ್ಕೊಂಡು, ಗ್ವಾಡಿಗೆ ತಲಿ ಆನಿಸಿ, ವರ್ಷಾನುಗಟ್ಟಲೆ ಕುಂತಾಳ."

"ಅವ್ವಾ, ಅಮೆರಿಕಾದಾಗ ತಲಿಗೆ ಎಣ್ಣಿ ಯಾರು ಹಚ್ಚತಾರ?" ಸ್ವರೂಪ ನಕ್ಕ.

"ಎಣ್ಣಿ ಯಾಕ ಬೇಕೋ? ಕುಂದರೂದಕ್ಕ ಒಂದು ಕಾರಣ ಇದ್ರ ಸಾಕು. ಒರಸೂದು ಬಿಟ್ಟು ಹಲಗಿ ಬಡದು ಮುಚ್ಯಾರ ನೋಡು, ಗಂಡಸರ ಕೆಲಸ."

ಆ ಗೋಡೆಯನ್ನೇ ಒಡೆದು ಹೊರಹಾಕಿದರು. ಕಾಂಕ್ರೀಟಿಗೆ ಚಳಿ ತಡೆಯುವ ಫೋಮ್ ಅಂಟಿಸಿ, ಹೊಸ ಡ್ರೈವಾಲ್ ಗೋಡೆ ನಿಲ್ಲಿಸಿ, ವಸುಧಾ ಆರಿಸಿದ ಬಿಳಿ ಬಣ್ಣ ಬಳಿದರು. ಬಣ್ಣ ಒಣಗುವಷ್ಟರಲ್ಲಿ ಅದೇ ಜಾಗದಲ್ಲಿ ಅದೇ ಕಲೆ ಎದ್ದಿತ್ತು. ಕಲೆ ತಡೆಯುವ ಪ್ರೈಮರ್ ಹಚ್ಚಿ ಮತ್ತೆ ಬಳಿದರು. ಮತ್ತೆ ಬಂತು. ಸ್ವರೂಪ ತೇವ ಅಳೆಯುವ ಮೀಟರ್ ಚುಚ್ಚಿ ನೋಡಿದ, ಗೋಡೆ ಒಣಗಿತ್ತು. ವಸುಧಾ ಅಂಗೈ ಇಟ್ಟಳು. ಆಚೆ ಹೆಪ್ಪುಗಟ್ಟಿದ ಮಣ್ಣಿತ್ತು. ಗೋಡೆ, ಈಗಷ್ಟೇ ಯಾರೋ ಎದ್ದುಹೋದ ದಿಂಬಿನ ಹಾಗೆ ಬೆಚ್ಚಗಿತ್ತು.

ಸ್ವರೂಪನ ನಗು ನಿಂತಿತು. "ಈ ಮೂಲಿ ಮುಚ್ಚಿ ಸ್ಟೋರ್ ಮಾಡೂಣು. ನಿನಗ ಮ್ಯಾಲ ಅಕ್ಷರಾನ ರೂಮ್ ಐತೆಲ್ಲ."

"ಅದು ಅಕ್ಷರಾ ರೂಮು ಕಣ್ರೀ."

ಬರುವ ವಾರಾಂತ್ಯದೊಳಗೆ ಕಲೆ ಹೋಗದಿದ್ದರೆ ಮುಚ್ಚುವುದೇ ಎಂದ. ಶಿಕಾಗೋದಲ್ಲಿದ್ದ ತಮ್ಮ ಮಗಳ ಮನೆಗೆ ಹೊರಟ ಕಮಲವ್ವ ಸೊಸೆಯನ್ನು ಪಕ್ಕಕ್ಕೆ ಕರೆದರು. "ಗ್ವಾಡ್ಯಾಗ ಕುಂತಾಕಿಗೆ ಯಾರೂ ಹೋಗಂತ ಹೇಳಿಲ್ಲ. ಬಾಗಲದಾಗ ನಿಂತು ಅರಿಷಿಣ ಕುಂಕುಮ ಕೊಟ್ಟು ಕಳಿಸಿಬಿಡು. ಅಷ್ಟ ಸಾಕು."

ಮರುದಿನ ಮಧ್ಯಾಹ್ನ ಕುಂಕುಮದ ಬಟ್ಟಲು ಹಿಡಿದು ಇಳಿದ ವಸುಧಾಗೆ ಅಷ್ಟು ಸಾಕೆನಿಸಲಿಲ್ಲ. ಮೈಸೂರಿನಲ್ಲಿ ಅಮ್ಮ ಹೋದ ಮೇಲೆ ಅವಳ ಮಡಿಲು ತುಂಬುವವರಿರಲಿಲ್ಲ. ಅಣ್ಣನ ಮನೆಯಲ್ಲಿ ಅತ್ತಿಗೆ ಹೊಸಿಲಲ್ಲೇ ಕುಂಕುಮ ಇಟ್ಟು, ಟ್ಯಾಕ್ಸಿ ಬಂತು ಎನ್ನುತ್ತಿದ್ದಳು. ವಸುಧಾ ಮೇಲೆ ಹೋಗಿ ಅಕ್ಕಿ, ತೆಂಗಿನಕಾಯಿ, ವೀಳ್ಯದೆಲೆ, ಶಿಕಾಗೋದ ಡೆವನ್ ಅವೆನ್ಯೂದ ಅಂಗಡಿಯಲ್ಲಿ ಕೊಂಡ ಹಸಿರು ರವಿಕೆ ಕಣ ತಂದಳು. ಕಲೆಯ ಕೆಳಗೆ ಕುರ್ಚಿ ಎಳೆದು, ಅದರ ಮೇಲೆ ಎಲ್ಲವನ್ನೂ ಒಪ್ಪವಾಗಿಟ್ಟು, ಅಮ್ಮ ಹೇಳುತ್ತಿದ್ದಂತೆಯೇ "ಸುಖವಾಗಿರು ಮಗಳೇ" ಎಂದಳು.

ಬೆಳಗಾದಾಗ ಗೋಡೆ ಅಚ್ಚ ಬಿಳಿಯಾಗಿತ್ತು. ಕೋಣೆ ಅವಳದಾಯಿತು. ಹಿಮ ಕರಗುವವರೆಗೂ ಅಲ್ಲಿ ಬಾಗಿಲು ಹಾಕಿಕೊಂಡು ಕೂತಳು. ಓದಿದಳು, ಎಷ್ಟೋ ಸಲ ಏನೂ ಮಾಡಲಿಲ್ಲ. ಕಮಲವ್ವ ಫೋನಿನಲ್ಲಿ ವಿಚಾರಿಸಿದಾಗ ಹಗುರವಾಗಿ ಹೇಳಿದಳು: "ಪಾಪ ಅನ್ನಿಸ್ತು ಅತ್ತೆ. ಮಡಿಲೇ ತುಂಬಿ ಕಳಿಸಿದೆ."



"ಉಡಿ ತುಂಬಿದಿ? ಏನ ಮಾಡಿದೆವ್ವಾ! ಕುಂಕುಮ ಕೊಟ್ರ ಬಂದಾಕಿ ಹೋಗತಾಳ. ಉಡಿ ತುಂಬಿದ್ರ ಮಗಳಾಗತಾಳ. ಇನ್ನ ಆ ಮನಿ ಅಕಿಗೆ ತವರು."

"ಅಂದ್ರೆ?"

"ಅಂದ್ರೇನು, ಪಂಚಮಿಗೆ ಬರತಾಳ. ಉಂಡಿ ಮಾಡಿ ಇಡು." ಅತ್ತೆ ನಗಲಿಲ್ಲ.

ಆಗಸ್ಟಿನ ನಾಗಪಂಚಮಿಯ ದಿನ ವಸುಧಾ ಎಳ್ಳುಂಡೆ, ಶೇಂಗಾ ಉಂಡೆ ಕಟ್ಟಿದಳು. ಸ್ವರೂಪನಿಗೆ ಇಷ್ಟವೆಂದು ತನಗೇ ಹೇಳಿಕೊಂಡಳು. ಕೈ ತೊಳೆದು ಕೆಳಗಿಳಿದರೆ, ತೆರೆದಿಟ್ಟಿದ್ದ ಬಾಗಿಲು ಮುಚ್ಚಿತ್ತು. ಹಿಡಿ ತಿರುಗಿಸಿ ತಳ್ಳಿದಳು. ಬಾಗಿಲು ಬೆರಳಗಲ ಸರಿದು, ಮೆತ್ತಗೆ ಹಿಂದಕ್ಕೆ ಬಂತು. ಒಳಗೆ ಅದಕ್ಕೆ ಬೆನ್ನು ಕೊಟ್ಟು ಯಾರೋ ಕೂತ ಹಾಗೆ. ಸಂದಿನಿಂದ ಬಿಚ್ಚಿದ ಕೂದಲಿನ ಬಿಸಿ ವಾಸನೆ.

ಇದು ನನ್ನ ಕೋಣೆ, ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಮ್ಮನ ಕೋಣೆಯ ಮುಂದೆ ಸೂಟ್‌ಕೇಸ್ ಹಿಡಿದು ನಿಂತಾಗ ಅತ್ತಿಗೆ ಅವಳಿಗೆ ಆಡಿದ್ದೂ ಅದೇ ಮಾತು. ವಸುಧಾ ಹಿಡಿಯಿಂದ ಕೈ ತೆಗೆದಳು.

ಸಂಜೆ ಕೆಲಸದಿಂದ ಬಂದ ಸ್ವರೂಪ, ಬೇಸ್‌ಮೆಂಟಿನ ಕೊನೆಯ ಮೆಟ್ಟಿಲ ಮೇಲೆ ಉಂಡೆಯ ತಟ್ಟೆ ಹಿಡಿದು ಕೂತಿದ್ದ ಹೆಂಡತಿಯನ್ನು ಕಂಡ.

"ಇಲ್ಲ್ಯಾಕ ಕುಂತಿ? ಅಷ್ಟು ಹಟ ಹಿಡದು ರೂಮ್ ತಗೊಂಡು!"

"ಶ್," ಎಂದಳು ವಸುಧಾ. "ಮೆಲ್ಲಗೆ ಮಾತಾಡಿ. ಈಗತಾನೆ ಮಲಗಿದಾಳೆ."