ನಾಲ್ಕು ಮಕ್ಕಳಿಗೆ ಸಾಕಾಗುವಷ್ಟು

ಬೇಸಿಗೆಯ ಆರು ವಾರಗಳಿಗೆ ಅವಳು ಹನ್ನೆರಡು ಚಟುವಟಿಕೆಗಳನ್ನು ಬರೆದಿದ್ದಳು. ವಾರಕ್ಕೆ ಎರಡು, ಮಂಗಳವಾರ ಮತ್ತು ಶುಕ್ರವಾರ. ನೆರಳಿನ ಸುತ್ತ ಸೀಮೆಸುಣ್ಣದ ಗೆರೆ ಎಳೆಯುವುದು, ಬೀಜಗಳನ್ನು ಗಾತ್ರ ನೋಡಿ ಬೇರ್ಪಡಿಸುವುದು, ಬಿಸಿ ನೆಲದ ಮೇಲೆ ನೀರಿನಿಂದ ಚಿತ್ರ ಬರೆದು ಅದು ಆರುವುದನ್ನು ಕಾಯುವುದು. ಪ್ರತಿಯೊಂದನ್ನೂ ಮೊದಲು ತಾನೇ ಮಾಡಿ ನೋಡಿದ್ದಳು. ಹತ್ತು ಗಂಟೆಯ ಬಿಸಿಲಿನಲ್ಲಿ ಅಂಗೈಯಗಲದ ನೀರು ಆರಲು ನಾಲ್ಕು ನಿಮಿಷ ಬೇಕಿತ್ತು; ಮೂರು ಸಲ ಅಳೆದು ಸರಾಸರಿ ತೆಗೆದಿದ್ದಳು. ಮಗಳು ಹುಟ್ಟುವವರೆಗೆ ಅವಳು ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವಳು.

"ಮಗೂಗೆ ಆಟ ಹೇಳ್ಕೊಡ್ತಿದೀಯೋ, ಇಲ್ಲಾ ನೀರಿಗೆ ಸರ್ಟಿಫಿಕೇಟ್ ಬರೀತಿದೀಯೋ?" ಎಂದು ಗಂಡ ಫೋನಿನಲ್ಲಿ ನಕ್ಕಿದ್ದ. ಸೇತುವೆ ಕಟ್ಟುವ ಕಂಪನಿಯಲ್ಲಿ ಅವನ ಕೆಲಸ. ಕಚೇರಿ ಈ ಊರಿನಲ್ಲಿದ್ದರೂ ಕಟ್ಟುವ ಜಾಗ ದೂರ; ಆರು ವಾರಕ್ಕೊಮ್ಮೆ ಮನೆಗೆ ಬರುತ್ತಿದ್ದ.

ಮಗಳಿಗೆ ಗುಮ್ಮನಗುಸುಕಿ ಎಂದು ಹೆಸರಿಟ್ಟವನೂ ಅವನೇ. ಅದು ಸವೆದು ಗುಮ್ಮಿ ಆಗಿತ್ತು. ಮನೆಯೊಳಗೆ ಅರಳು ಹುರಿದ ಹಾಗೆ ಮಾತಾಡುವ ಹುಡುಗಿ, ಇನ್ನೊಂದು ಮಗು ಕಂಡರೆ ಬಾಯಿಗೆ ಬೀಗ ಹಾಕಿಕೊಳ್ಳುತ್ತಿದ್ದಳು. ಕಳೆದ ವರ್ಷ ಶಾಲೆಗೆ ಸೇರಿಸಿದಾಗ ಮೂರು ವಾರ ಒಂದು ಶಬ್ದವೂ ಹೊರಡಲಿಲ್ಲ. "ಒಂದು ವರ್ಷ ಮನೇಲೇ ಕಲಿಸಿ. ಮಕ್ಕಳ ಜೊತೆ ಆಡೋಕೆ ಬಿಡಿ. ಬೇಸಿಗೆ ಮುಗಿದ ಮೇಲೆ ಕರ್ಕೊಂಡು ಬನ್ನಿ, ನೋಡೋಣ" ಎಂದಿದ್ದರು ಹೆಡ್ ಮೇಡಂ. ಆಮೇಲೆ ಗಂಡನ ಕೆಲಸಕ್ಕೆಂದು ಈ ಊರಿಗೆ ಬಂದರು. ಬಂದು ಎಂಟು ತಿಂಗಳಾಗಿತ್ತು. ಎಣಿಸುವುದು, ಬಣ್ಣ ಗುರುತಿಸುವುದು, ಕತ್ತರಿ ಹಿಡಿಯುವುದು ಎಲ್ಲವನ್ನೂ ಅವಳು ಕಲಿಸಿಯಾಗಿತ್ತು. ಇನ್ನೊಂದು ಮಗು ಇಲ್ಲದೆ ಕಲಿಸಲಾಗದ್ದು ಮಾತ್ರ ಹಾಗೇ ಉಳಿದಿತ್ತು.

ಅದಕ್ಕೇ ಲೈಬ್ರರಿಯ ಫಲಕದಲ್ಲಿ ಕಾಗದ ಅಂಟಿಸಿದ್ದಳು. ಮೂರರಿಂದ ಐದು ವರ್ಷದ ಮಕ್ಕಳು ಬರಬಹುದು, ಬೆಳಿಗ್ಗೆ ಹತ್ತಕ್ಕೆ, ಇದು ವಿಳಾಸ. ಜೊತೆಗೆ ಮೊದಲ ಎರಡು ವಾರದ ಯೋಜನೆ ಪೂರ್ತಿಯಾಗಿ: ಸಾಮಾನು, ಅಳತೆ, ಸಮಯ, ಮಕ್ಕಳಿಗೆ ಕೇಳಬೇಕಾದ ಪ್ರಶ್ನೆಗಳು. ಇಷ್ಟು ಜಾಗರೂಕತೆಯಿಂದ ಮಾಡುವವಳ ಮನೆಗೆ ಮಕ್ಕಳನ್ನು ಕಳಿಸಲು ತಾಯಂದಿರು ಹಿಂಜರಿಯಲಾರರು ಎಂದುಕೊಂಡಿದ್ದಳು.

ಮಂಗಳವಾರ ಯಾರೂ ಬರಲಿಲ್ಲ. ಅಂಗಳದಲ್ಲಿ ಗುಮ್ಮಿಯ ನೆರಳಿನ ಗೆರೆ ಒಂದೇ ಬಿತ್ತು.

ಶುಕ್ರವಾರ ಮಂಜುಗಡ್ಡೆಯ ಆಟ. ಒಂದು ಮಗುವಿಗೆ ಮೂರು ಬಟ್ಟಲು, ಪ್ರತಿಯೊಂದರಲ್ಲೂ ಬಣ್ಣದ ನೀರಿನ ಗಡ್ಡೆ, ಒಳಗೊಂದು ದೊಡ್ಡ ಅಂಗಿ ಗುಂಡಿ. ಒಂದು ಬಟ್ಟಲು ಬಿಸಿಲಿಗೆ, ಒಂದು ನೆರಳಿಗೆ, ಇನ್ನೊಂದೂ ನೆರಳಿಗೇ, ಆದರೆ ಎರಡು ಚಮಚ ಉಪ್ಪು ಹಾಕಿ. ಯಾವ ಗುಂಡಿ ಮೊದಲು ಹೊರಗೆ ಬರುತ್ತದೆ? ನಾಲ್ಕು ಮಕ್ಕಳಿಗೆ ಸಾಕಾಗುವಷ್ಟು, ಅಂದರೆ ಹನ್ನೆರಡು ಬಟ್ಟಲುಗಳನ್ನು, ಫ್ರೀಜರ್ ಖಾಲಿ ಮಾಡಿ ಹಿಂದಿನ ದಿನವೇ ಇಟ್ಟಿದ್ದಳು.

ಹತ್ತಾಯಿತು. ಹತ್ತೂಕಾಲಾಯಿತು. ಗುಮ್ಮಿ ತನ್ನ ಮೂರು ಬಟ್ಟಲುಗಳನ್ನು ಜೋಡಿಸಿ, ಉಪ್ಪನ್ನು ಚಮಚದ ಗೀಟು ತಪ್ಪದಂತೆ ಅಳೆದು ಹಾಕಿದಳು.

"ಅವ್ರೆಲ್ಲ ಬರಲ್ಲ ಅಲ್ವಾ ಅಮ್ಮ?"

"ಬರಬಹುದು. ಇನ್ನೂ ಹೊತ್ತಿದೆ."

"ಬರದೇ ಇದ್ರೂ ಪರವಾಗಿಲ್ಲ. ನಂಗೆ ಒಬ್ಳೇ ಇರೋದು ಅಭ್ಯಾಸ ಆಗಿದೆ."

ನಾಲ್ಕೂವರೆ ವರ್ಷದ ಮಗುವಿನ ಆ ಮಾತಿನಲ್ಲಿ ಅಳುವಿರಲಿಲ್ಲ, ನೆಮ್ಮದಿಯಿತ್ತು. ಅದೇ ಅವಳನ್ನು ಹೆದರಿಸಿತು. ಕಾಗದ ಬಿದ್ದುಹೋಗಿರಬೇಕು ಎಂದುಕೊಂಡು ಮಗಳ ಕೈ ಹಿಡಿದು ಲೈಬ್ರರಿಗೆ ನಡೆದಳು.

ಕಾಗದ ಇದ್ದಲ್ಲೇ ಇತ್ತು.

"ಬನ್ನಿ ಟೀಚರಮ್ಮ!" ಲೈಬ್ರರಿಯನ್ ಕನ್ನಡಕವನ್ನು ಹಣೆಗೆ ಏರಿಸಿದ. "ನಿಮ್ಮ ಕಾಗದದಿಂದ ನಮ್ಮ ಜೆರಾಕ್ಸ್ ಮೆಷಿನ್ನಿಗೆ ಜ್ವರ ಬಂದಿದೆ. ಇಪ್ಪತ್ತಾರು ಕಾಪಿ! ಮೊಬೈಲಲ್ಲಿ ಫೋಟೋ ಹೊಡ್ಕೊಂಡೋರು ಬೇರೆ."

"ಇಪ್ಪತ್ತಾರು ಜನಾನಾ? ಒಬ್ರೂ ಮನೆಗೆ ಬರ್ಲಿಲ್ವಲ್ಲ."

"ಯಾಕೆ ಬರ್ತಾರೆ ಹೇಳಿ? ಸುಲಿದ ಬಾಳೆಹಣ್ಣಿನ ಹಾಗೆ ಬರೆದಿದ್ದೀರಿ. ಎಷ್ಟು ನೀರು, ಎಷ್ಟು ಉಪ್ಪು, ಮಗು ಅತ್ರೆ ಏನು ಮಾಡ್ಬೇಕು, ಎಲ್ಲಾ ಇದೆ. ನಿಮ್ಮನ್ನ ಕೇಳೋಕೆ ಏನು ಉಳಿಸಿದ್ದೀರಿ?"

ಅವನು ಹೊಗಳುತ್ತಿದ್ದ. ಓದಿದವರು ಮತ್ತೆ ಫೋನ್ ಮಾಡಿ ಏನನ್ನೂ ಕೇಳುವಂತಿರಬಾರದು, ಅದೇ ಒಳ್ಳೆಯ ವರದಿ ಎಂದು ಪ್ರಯೋಗಾಲಯದಲ್ಲಿ ಅವಳಿಗೆ ಕಲಿಸಿದ್ದರು. ಅವಳು ಚೆನ್ನಾಗಿಯೇ ಕಲಿತಿದ್ದಳು.

ಮನೆಗೆ ಹಿಂದಿರುಗುವಾಗ ನೆರಳಿಗೆಂದು ಪಕ್ಕದ ಬೀದಿ ಹಿಡಿದರು. ಮೂಲೆಯ ಮನೆಯ ಕಾಂಪೌಂಡ್ ಗೋಡೆಯ ಮೇಲೆ ನೀಲಿ ಮಂಜುಗಡ್ಡೆಯ ಬಟ್ಟಲೊಂದು ಬಿಸಿಲು ಕಾಯುತ್ತಿತ್ತು. ಅಂಥವೇ ಎರಡು ಗಿಡದ ಕೆಳಗಿದ್ದವು. ಮುಂದಿನ ಮನೆಯ ಬಾಲ್ಕನಿಯಲ್ಲಿ ಹಳದಿ. ಒಂದೊಂದು ಕಡೆಯೂ ಒಂದೊಂದು ಪುಟ್ಟ ಸ್ಟೂಲು, ಒಂದೊಂದು ಮಗು, ಎದುರಿಗೆ ಕಾಗದ ಹಿಡಿದ ಒಬ್ಬೊಬ್ಬ ತಾಯಿ. ಇಡೀ ಬೀದಿ ಅವಳು ಬರೆದ ಹಾಗೆಯೇ ನಡೆಯುತ್ತಿತ್ತು, ಅವಳ ಮನೆಯ ಹಾಗೆಯೇ.

"ಅಮ್ಮಾ, ಅದು ನಮ್ದು!" ಗುಮ್ಮಿ ಬೆರಳು ತೋರಿಸಿದಳು.

ಐದನೆಯ ಮನೆಯ ಗೇಟು ಗಿಡ್ಡ. ಜಗಲಿಯ ಮೇಲೆ ಹೆಂಗಸೊಬ್ಬಳು ಮಂಡಿಯೂರಿದ್ದಳು. ಗುಮ್ಮಿಯಷ್ಟೇ ಎತ್ತರದ ಹುಡುಗ ಕೆಂಪು ಗಡ್ಡೆಗೆ ಚಮಚದಿಂದ ಕುಟ್ಟುತ್ತಿದ್ದ. ಅವಳು ಮಗಳೊಂದಿಗೆ ಗೇಟಿನ ಮುಂದೆ ನಿಂತಳು. ಇದನ್ನು ಬರೆದವಳು ನಾನೇ ಎಂದರೆ ಆ ಹೆಂಗಸು ಎದ್ದು, ಕೈ ಒರೆಸಿಕೊಂಡು, ತುಂಬಾ ಚೆನ್ನಾಗಿದೆ ಎನ್ನುತ್ತಾಳೆ. ಗೇಟು ಮುಚ್ಚಿದ ಹಾಗೇ ಇರುತ್ತದೆ.

"ರೀ, ನಮ್ಮನೇಲೂ ಇದನ್ನೇ ಮಾಡಿದ್ವಿ," ಎಂದಳು. "ಯಾಕೋ ಸರಿ ಬರ್ಲಿಲ್ಲ."

"ಲೈಬ್ರರಿ ಕಾಗದಾನಾ? ನಿಮಗೂ ಸಿಕ್ತಾ! ಯಾರೋ ಪುಣ್ಯಾತ್ಗಿತ್ತಿ ಬರ್ದಿದ್ದಾಳೆ ನೋಡಿ. ಮನೆಗೇ ಬನ್ನಿ ಅಂತಾನೂ ಹಾಕಿದ್ದಾಳೆ. ಗುರುತಿಲ್ಲ, ಪರಿಚಯ ಇಲ್ಲ, ಹೇಗೆ ಹೋಗೋದು? ಅಷ್ಟು ಅಚ್ಚುಕಟ್ಟಿನವಳ ಮನೇಲಿ ನಮ್ಮ ಈ ಕೋತಿ ಏನಾದ್ರೂ ಚೆಲ್ಲಿದ್ರೆ?"

"ಅದೂ ನಿಜ ಅನ್ನಿ."

"ಉಪ್ಪು ಎಷ್ಟು ಹಾಕಿದ್ರಿ?"

ತಪ್ಪು ಅಳತೆಯನ್ನು ಅವಳು ಜನ್ಮದಲ್ಲಿ ಬಾಯಿಬಿಟ್ಟು ಹೇಳಿದವಳಲ್ಲ. "ಅರ್ಧ ಚಮಚ," ಎಂದಳು.

ಗುಮ್ಮಿ ತಲೆಯೆತ್ತಿ ಅಮ್ಮನನ್ನೇ ದಿಟ್ಟಿಸಿದಳು. ಹೊರಗಿನವರೆದುರು ಬಾಯಿ ಬಿಡದ ಅವಳ ಸ್ವಭಾವ ಮೊದಲ ಸಲ ಉಪಯೋಗಕ್ಕೆ ಬಂತು.

"ಅಯ್ಯೋ, ಎರಡು ಚಮಚ ಅಂತ ಸ್ಪಷ್ಟವಾಗಿ ಬರ್ದಿದೆಯಲ್ರೀ! ನೀವು ಸರಿಯಾಗಿ ಓದೇ ಇಲ್ಲ. ಬನ್ನಿ ಒಳಗೆ, ತೋರಿಸ್ತೀನಿ." ಹೆಂಗಸು ಚಿಲಕ ತೆಗೆದಳು.

ಜಗಲಿಯಲ್ಲಿ ಅವಳು ಆ ಹೆಂಗಸಿನ ಪಕ್ಕ ಕೂತು ತನ್ನದೇ ಅಕ್ಷರಗಳ ಜೆರಾಕ್ಸನ್ನು ಹೊಸದಾಗಿ ಕಂಡವಳಂತೆ ಓದಿದಳು. ಬೆನ್ನ ಹಿಂದೆ ಗುಮ್ಮಿ ನಿಂತೇ ಇದ್ದಳು. ಹುಡುಗ ಕುಟ್ಟುತ್ತಲೇ ಇದ್ದ. ಒಂದು ನಿಮಿಷ, ಎರಡು ನಿಮಿಷ.

"ಅದು ನೆರಳಲ್ಲಿಲ್ಲ." ಬಹಳ ಸಣ್ಣ ದನಿ.

"ಇದೆ," ಎಂದ ಹುಡುಗ.

"ಇಲ್ಲ. ನೋಡು, ಬಿಸಿಲು ಬಂದಿದೆ. ಅದು ತಪ್ಪು."

"ಹಾಗಾದ್ರೆ ನೀನೇ ಇಡು ಹೋಗು!"

ಬಟ್ಟಲು ನೆಲದ ಮೇಲೆ ಜರುಗಿದ ಸದ್ದಾಯಿತು. ತಿರುಗಿ ನೋಡಿದರೆ ನಿಂತುಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಕತ್ತು ಬಿಗಿಹಿಡಿದು ಪಕ್ಕದ ಹೆಂಗಸನ್ನೇ ನೋಡಿದಳು.

"ಅಲ್ಲಾ, ಉಪ್ಪು ಹಾಕಿದ್ರೆ ಯಾಕೆ ಬೇಗ ಕರಗುತ್ತೆ?" ಎಂದು ಕೇಳಿದಳು.

"ಅದಾ? ಉಪ್ಪಿಗೆ ಶಾಖ ಜಾಸ್ತಿ ನೋಡಿ," ಎಂದು ಹೆಂಗಸು ಉತ್ಸಾಹದಿಂದ ಸ್ಟೂಲು ಹತ್ತಿರಕ್ಕೆ ಎಳೆದುಕೊಂಡಳು. ಹೇಳಿದ್ದರಲ್ಲಿ ಮುಕ್ಕಾಲು ತಪ್ಪಿತ್ತು. ಅವಳು ಪ್ರತಿ ಮಾತಿಗೂ ಹೂಂಗುಟ್ಟುತ್ತ ಕೂತಳು.