ದಣಿಯದ ಮಾಲತೇಶನ ಮೂರು ಪಂಕ್ಚರು

ಮಾಲತೇಶ ದಣಿಯುವುದಿಲ್ಲ ಎಂಬ ಸುದ್ದಿಯನ್ನು ಊರಿಗೆ ಹಬ್ಬಿಸಿದವನು ಮಾಲತೇಶನೇ. ವಿಮಾ ಕಚೇರಿಯಲ್ಲಿ ಗುಮಾಸ್ತನಾಗಿದ್ದ ಕಾಲದಲ್ಲಿ ಹುಬ್ಬಳ್ಳಿಯಿಂದ ದಾಂಡೇಲಿಗೆ ಸೈಕಲ್ ತುಳಿದು, ಅದೇ ದಿನ ತಿರುಗಿ ಬಂದು, ಬೆವರು ಕೂಡ ಒರೆಸಿಕೊಳ್ಳದೆ ಕಚೇರಿಯ ಕ್ರಿಕೆಟ್ ಮ್ಯಾಚಿಗೆ ಅಂಪೈರ್ ಆಗಿ ನಿಂತಿದ್ದನಂತೆ. ನೋಡಿದವರು ಯಾರೂ ಇಲ್ಲ. ಆದರೆ ಒಂದೇ ಮಾತನ್ನು ವರ್ಷಗಟ್ಟಲೆ ಅದೇ ಗತ್ತಿನಲ್ಲಿ ಹೇಳುತ್ತ ಬಂದರೆ ಸಾಕ್ಷಿ ಕೇಳುವುದಕ್ಕೂ ಜನರಿಗೆ ಬೇಸರ. ಹೀಗಾಗಿ ೧೯೯೮ರಲ್ಲಿ ಸೈಕಲ್ ತಂಡ ಕಟ್ಟಿದಾಗ ಕ್ಯಾಪ್ಟನ್ ಯಾರಾಗಬೇಕೆಂಬ ಚರ್ಚೆಯೇ ನಡೆಯಲಿಲ್ಲ.

ಚರ್ಚೆ ನಡೆದದ್ದು ಹೆಸರಿನ ಮೇಲೆ. ಮಾಲತೇಶ ಮತ್ತು ರೈಲ್ವೆ ವರ್ಕ್‌ಶಾಪಿನ ಫಿಟ್ಟರ್ ಹೊಳೆಯಪ್ಪ ಹುಬ್ಬಳ್ಳಿಯವರು. ಝೆರಾಕ್ಸ್ ಅಂಗಡಿಯ ಶಶಿಕಾಂತ ಧಾರವಾಡದ ಮಾಳಮಡ್ಡಿಯವನು. ಯಾವ ಊರಿನ ಹೆಸರು ಮೊದಲು ಬರಬೇಕೆಂದು ಒಂದು ಮಳೆಗಾಲವಿಡೀ ಕಿತ್ತಾಡಿ, ಕೊನೆಗೆ ಎರಡೂ ಊರಿನ ನಡುವೆ ಸಿಗುವ ಸತ್ತೂರಿನ ಹೆಸರಿಟ್ಟು ಕೈತೊಳೆದುಕೊಂಡರು. ಮುಂದೆ ಸತ್ತೂರಿನಲ್ಲಿ ದೊಡ್ಡ ಆಸ್ಪತ್ರೆಯೂ ಬಂತು. ಪ್ರತಿ ಭಾನುವಾರ ಯಾರಾದರೊಬ್ಬರು ಸೈಕಲ್ಲಿನಿಂದ ಬೀಳುವ ತಂಡಕ್ಕೆ ಅದೊಂದು ಅನುಕೂಲವೇ ಆಯಿತು.

ಬೆಂಗಳೂರಿನ ಒಂದು ಸಂಸ್ಥೆಯವರು ವರ್ಷಕ್ಕೊಮ್ಮೆ ಸಾಹಸ ಸ್ಪರ್ಧೆ ನಡೆಸುತ್ತಿದ್ದರು. ದಾಂಡೇಲಿಯ ಕಾಡಿನಲ್ಲಿ ಓಡಬೇಕು, ಕಾಳಿ ನದಿಯಲ್ಲಿ ರಬ್ಬರಿನ ದೋಣಿಗೆ ಹುಟ್ಟು ಹಾಕಬೇಕು, ಆಮೇಲೆ ಮಣ್ಣಿನ ದಾರಿಯಲ್ಲಿ ಸೈಕಲ್ ತುಳಿದು ಸಂಜೆ ಆರರೊಳಗೆ ಧಾರವಾಡದ ಕೆಲಗೇರಿ ಕೆರೆ ಮುಟ್ಟಬೇಕು. ನಾಲ್ವರ ತಂಡ, ನಾಲ್ವರೂ ಕೂಡಿಯೇ ಮುಟ್ಟಬೇಕು. ಸತ್ತೂರಿನ ತಂಡ ಮೂರು ಸಲ ಹೋಗಿ ಮೂರು ಸಲವೂ ಮುಟ್ಟಿರಲಿಲ್ಲ. ಒಮ್ಮೆ ದೋಣಿ ಮಗುಚಿತು. ಒಮ್ಮೆ ಶಶಿಕಾಂತನ ಭಾವ ನಾಲ್ಕನೆಯವನಾಗಿ ಬಂದು, ನಡುದಾರಿಯಲ್ಲಿ ಹಳಿಯಾಳದ ಬಸ್ಸು ಕಂಡವನೇ ಹತ್ತಿ ಹೋದ. ಇನ್ನೊಮ್ಮೆ ಶಶಿಕಾಂತ ನಕಾಶೆ ಮಡಚಿಟ್ಟು ಹೊಲದಲ್ಲಿದ್ದವರನ್ನು ದಾರಿ ಕೇಳಿದ. ‘ಇಲ್ಲೇ ಐತ್ರಿ’ ಎಂದರು. ಆ ‘ಇಲ್ಲೇ’ ಮುಟ್ಟುವಾಗ ಕತ್ತಲಾಗಿತ್ತು.

೨೦೦೪ರಲ್ಲಿ ಪ್ರತಿ ತಂಡದಲ್ಲಿ ಒಬ್ಬ ಹೆಂಗಸಾದರೂ ಇರಬೇಕೆಂಬ ನಿಯಮ ಬಂತು. ಶಶಿಕಾಂತ ತನ್ನ ಅಂಗಡಿಗೆ ಪ್ರಶ್ನೆಪತ್ರಿಕೆ ಝೆರಾಕ್ಸ್ ಮಾಡಿಸಲು ಬರುತ್ತಿದ್ದ ಹೈಸ್ಕೂಲಿನ ಗಣಿತದ ಟೀಚರ್ ನೀಲಾಳನ್ನು ಕೇಳಿದ. ದಿನಾ ಸಾಲೆಗೆ ಸೈಕಲ್ಲಿನ ಮೇಲೇ ಹೋಗುತ್ತಿದ್ದ ನೀಲಾ ಹೂಂ ಅಂದಳು. ನಿಯಮಕ್ಕೊಂದು ತಲೆ ಸಿಕ್ಕಿತೆಂದು ಮಾಲತೇಶ ಖುಷಿಪಟ್ಟ. ಮೊದಲ ಭಾನುವಾರವೇ ಆಕೆ ನವಲೂರಿನ ಏರು ಹತ್ತಿ ಮೇಲೆ ನಿಂತು ನೀರು ಕುಡಿಯುತ್ತಿದ್ದುದನ್ನು ಕೆಳಗಿನಿಂದ ನೋಡಿದ ಮೇಲೆ ಆ ಖುಷಿ ಸ್ವಲ್ಪ ಇಳಿಯಿತು.

ಈ ಆಟದಲ್ಲಿ ಒಂದು ರೂಢಿಯಿದೆ. ಯಾರಾದರೂ ಸೋತರೆ ಗಟ್ಟಿಯಿದ್ದವರು ತಮ್ಮ ಸೈಕಲ್ಲಿಗೆ ಹಗ್ಗ ಕಟ್ಟಿ ಅವರನ್ನು ಎಳೆಯಬಹುದು, ನಿಯಮಕ್ಕೆ ಬಾಧೆಯಿಲ್ಲ. ಹೊಳೆಯಪ್ಪ ಹಳೆಯ ಟ್ಯೂಬು ಸೀಳಿ, ಎರಡೂ ತುದಿಗೆ ಕೊಂಡಿ ಹಾಕಿ, ಅಂಥದೊಂದು ಹಗ್ಗ ಮಾಡಿಕೊಟ್ಟಿದ್ದ. ಅದು ಮಾಲತೇಶನ ಸೀಟಿನ ಕೆಳಗೇ ಜೋತಾಡುತ್ತಿತ್ತು, ಎಳೆಯುವವನು ಯಾವಾಗಲೂ ಅವನೇ. ಎಳೆಯುತ್ತ ಎಳೆಯುತ್ತ ಹಿಂದೆ ತಿರುಗಿ ಪ್ರವಚನ ಬೇರೆ.

“ಹಗ್ಗಕ್ಕ ನಾಚಗೋಬಾರ್ದು ಶಶಿ. ಇವತ್ತ ನೀ ಸೋತಿ, ನಾಳೆ ಇನ್ನೊಬ್ಬರು ಸೋಲ್ತಾರ. ತಂಡ ಅಂದ್ರ ಇದ ನೋಡು.”

ಆ ಇನ್ನೊಬ್ಬರು ತಾನಲ್ಲ ಎಂಬುದರಲ್ಲಿ ಅವನಿಗೆ ಎಳ್ಳಷ್ಟೂ ಸಂಶಯವಿರಲಿಲ್ಲ.

ಆದರೆ ಆ ವರ್ಷ ಅವನಿಗೆ ಬಡ್ತಿ ಸಿಕ್ಕಿತ್ತು. ಅಧಿಕಾರಿಯಾದವನು ಕುರ್ಚಿ ಬಿಟ್ಟು ಏಳಬೇಕಾಗಿಲ್ಲ, ಚಹಾ ಅಲ್ಲಿಗೇ ಬರುತ್ತದೆ, ಚಹಾದ ಜೊತೆ ಮಿರ್ಚಿ ಭಜಿಯೂ ಬರುತ್ತದೆ. ದಿನಾ ನಸುಕಿನಲ್ಲೆದ್ದು ಗಬ್ಬೂರಿನವರೆಗೆ ತುಳಿದು ಬರುತ್ತೇನೆಂದು ತಂಡಕ್ಕೆ ಹೇಳುತ್ತಿದ್ದ. ನಸುಕಿನಲ್ಲಿ ಅವನು ಮಾಡುತ್ತಿದ್ದ ಕೆಲಸವೆಂದರೆ ಮಗ್ಗಲು ಬದಲಿಸುವುದು.

ಸ್ಪರ್ಧೆಯ ದಿನ ಕಾಡಿನ ಓಟದಲ್ಲಿ ಹೇಗೋ ಮಾನ ಉಳಿಯಿತು. ನದಿಯಲ್ಲಿ ನೀಲಾ ಮತ್ತು ಹೊಳೆಯಪ್ಪ ಹುಟ್ಟು ಹಾಕಿದರು, ಕ್ಯಾಪ್ಟನ್ ದಿಕ್ಕು ತೋರಿಸಿದ. ಸೈಕಲ್ ಹತ್ತಿದಾಗ ಎಲ್ಲ ಲೆಕ್ಕವೂ ಸರಿಯಿತ್ತು. ಹೀಗೇ ಹೋದರೆ ಆರಕ್ಕಿಂತ ಬಹಳ ಮೊದಲೇ ಕೆರೆ ಮುಟ್ಟುತ್ತೇವೆಂದು ಶಶಿಕಾಂತ ನಕಾಶೆ ಬಡಿದು ಹೇಳಿದ. ಈ ಸಲ ಮುಟ್ಟಿಯೇ ಮುಟ್ಟುತ್ತೇವೆ ಎಂದು ಮೊದಲ ಬಾರಿಗೆ ಎಲ್ಲರಿಗೂ ಅನಿಸಿತು.

ಹಳಿಯಾಳ ದಾಟಿ ಎರಡನೆಯ ಏರಿಗೆ ಮಾಲತೇಶನ ತೊಡೆ ನಡುಗಲು ಶುರುವಾಯಿತು. ಕಣ್ಣಿಗೆ ಕತ್ತಲು ಬಂತು. ಮೂತ್ರಕ್ಕೆಂದು ನಿಲ್ಲಿಸಿದ. ಸ್ವಲ್ಪ ಹೊತ್ತಿಗೆ ಮತ್ತೆ ನಿಲ್ಲಿಸಿದ. ಮೂರನೆಯ ಸಲಕ್ಕೆ ಶಶಿಕಾಂತ, “ಕ್ಯಾಪ್ಟನ್ರ, ಊರಿಗೆ ಹೋದ ಕೂಡ್ಲೆ ಸಕ್ಕರಿ ಚೆಕ್ ಮಾಡಿಸ್ಕೋರಿ, ಇದು ಛಲೋ ಲಕ್ಷಣ ಅಲ್ಲ,” ಎಂದು ಕಾಳಜಿಯಿಂದ ಹೇಳಿದ. ಆ ದಾರಿಯೂ ಮುಚ್ಚಿತು.

ದಣಿದೇನಿ ಎಂಬ ಒಂದು ಮಾತು ಹೇಳಿದ್ದರೆ ಆಗುತ್ತಿತ್ತು. ಹಗ್ಗ ಅಲ್ಲೇ ಜೋತಾಡುತ್ತಿತ್ತು. ಆದರೆ ಆ ಮಾತು ಬಾಯಿಗೆ ಬರಲಿಲ್ಲ. ಬಂದರೆ ಆರು ವರ್ಷದ ಕ್ಯಾಪ್ಟನ್‌ಗಿರಿ, ದಾಂಡೇಲಿಯ ಕಥೆ, ಅಂಪೈರಿಕೆ ಎಲ್ಲ ಒಂದೇ ಏಟಿಗೆ ಹೋಗುತ್ತಿತ್ತು. ಅದರಲ್ಲೂ ನಿಯಮಕ್ಕೆಂದು ಕರೆತಂದ ಟೀಚರಮ್ಮನ ಮುಂದೆ. ಮಾಲತೇಶ ಬೂಟಿನ ದಾರ ಕಟ್ಟಿಕೊಳ್ಳುವ ನೆವ ಮಾಡಿ ಕೊನೆಗೆ ಉಳಿದ. ಎದೆಯ ಮೇಲಿನ ನಂಬರಿನ ಬಟ್ಟೆಗೆ ನಾಲ್ಕು ಮೂಲೆಗೆ ನಾಲ್ಕು ಪಿನ್ನು ಹಾಕಿದ್ದರು. ಒಂದನ್ನು ಬಿಚ್ಚಿದ, ಸವೆದ ಟೈರಿನ ಮಗ್ಗಲಿಗೆ ಚುಚ್ಚಿದ, ಹೆದರಿ ಪಿನ್ನನ್ನು ಮುಳ್ಳುಕಂಟಿಯೊಳಗೆ ಒಗೆದ.

“ಹೊಳೆಪ್ಪಾ, ಹವಾ ಹೋತೋ,” ಎಂದು ಕೂಗಿದ. ಆ ದನಿಯಲ್ಲಿದ್ದ ದುಃಖ ಅವನಿಗೇ ಮೆಚ್ಚಿಗೆಯಾಯಿತು.

ಹೊಳೆಯಪ್ಪ ಓಡಿ ಬಂದು ಚಮಚದ ಹಿಡಿಕೆಯಿಂದ ಟೈರು ಎಬ್ಬಿಸಿ, ಇದ್ದ ಒಂದೇ ಹೊಸ ಟ್ಯೂಬು ಹಾಕಿದ. ಅಷ್ಟು ಹೊತ್ತು ಮಾಲತೇಶ ಮತ್ತಿ ಮರದ ಬುಡಕ್ಕೆ ಒರಗಿ ಕಾಲು ಚಾಚಿದ್ದ. ಅಂಥ ಸುಖ ಅವನಿಗೆ ಬಡ್ತಿಯ ಆದೇಶ ಕೈಗೆ ಬಂದಾಗಲೂ ಆಗಿರಲಿಲ್ಲ.

ಸುಖದ ರುಚಿ ಹತ್ತಿದ ಮೇಲೆ ಬಿಡುವುದು ಕಷ್ಟ. ಮುಂದಿನ ಏರು ಬಂತು, ಮತ್ತೆ ಹವಾ ಹೋಯಿತು. ಈಗ ಹೊಸ ಟ್ಯೂಬು ಇರಲಿಲ್ಲ. ಹೊಳೆಯಪ್ಪ ಟ್ಯೂಬನ್ನು ತುಟಿಯ ಹತ್ತಿರ ಹಿಡಿದು ಗಾಳಿ ಎಲ್ಲಿಂದ ಬರುತ್ತದೆಂದು ಹುಡುಕಿ, ತಿಕ್ಕಿ, ಸಲ್ಯೂಷನ್ ಹಚ್ಚಿ, ಊದಿ ಒಣಗಿಸಿ, ತೇಪೆ ಹಾಕಿದ. ಹತ್ತಿರದಲ್ಲಿ ಎಮ್ಮೆ ಮೇಯಿಸುತ್ತಿದ್ದ ಮುದುಕನೊಬ್ಬ ಬಂದು ಕುಕ್ಕುರುಗಾಲಲ್ಲಿ ಕೂತ.

“ಗೆದ್ರ ಏನ್ ಕೊಡ್ತಾರ್ರಿ?”

“ಸರ್ಟಿಫಿಕೇಟು, ಅಜ್ಜಾ,” ಎಂದ ಶಶಿಕಾಂತ.

ಮುದುಕ ನಾಲ್ವರ ಕೆಸರು ಮೆತ್ತಿದ ಮೋರೆಗಳನ್ನು ಒಂದೊಂದಾಗಿ ನೋಡಿದ. “ಧಾರವಾಡಕ್ಕ ಬಸ್ಸು ಐತ್ರಿ,” ಎಂದು ಮೆಲ್ಲಗೆ ತಿಳಿಸಿದ. ಇವರಿಗೆ ಯಾರೂ ಇದನ್ನು ಹೇಳಿಲ್ಲವೇನೋ ಎಂಬ ಮರುಕ ಅವನ ದನಿಯಲ್ಲಿತ್ತು.

“ಮುಳ್ಳು ಮಾತ್ರ ಸಿಗವಲ್ದು,” ಎಂದು ಹೊಳೆಯಪ್ಪ ಟೈರಿನ ಒಳಗೆಲ್ಲ ಬೆರಳಾಡಿಸುತ್ತಿದ್ದ. ಬೆರಳ ತುದಿ ತಂತಿಗೆ ತಾಗಿ ರಕ್ತ ಬಂದಿತ್ತು. “ಇಂಥಾ ಪಂಕ್ಚರು ನಾ ಕಂಡಿದ್ದಿಲ್ಲ ನೋಡ್ರಿ. ಮುಳ್ಳಿಲ್ಲ, ಮೊಳಿ ಇಲ್ಲ, ತೂತು ಐತಿ.”

ಅಲ್ಲಿಗಾದರೂ ಸಾಕಾಗಬೇಕಿತ್ತು. ಆ ರಕ್ತ ನೋಡಿ ಮಾಲತೇಶನಿಗೆ ನಾಚಿಕೆಯಾಯಿತು. ಇನ್ನು ಚುಚ್ಚುವುದಿಲ್ಲ ಎಂದು ಮನೆದೇವರ ಆಣೆ ಹಾಕಿಕೊಂಡ. ಮಂಡಿಹಾಳದ ಕಡೆಯ ಏರು ಕಂಡಾಗ ಆಣೆಯನ್ನು ಮನೆದೇವರಿಗೇ ಬಿಟ್ಟ.

ಮೂರನೆಯ ಸಲ ಹವಾ ಹೋಯಿತು. ಹೊಳೆಯಪ್ಪ ಗಾಲಿ ಬಿಚ್ಚಿದ. ಶಶಿಕಾಂತ ಗಡಿಯಾರ ನೋಡಿ, ನೋಡಬಾರದಿತ್ತು ಎಂಬಂತೆ ಕೈ ಹಿಂದೆ ಕಟ್ಟಿಕೊಂಡ. ನೀಲಾ ಮಾತ್ರ ಗಾಲಿಯ ಕಡೆ ನೋಡುತ್ತಿರಲಿಲ್ಲ, ಮಾಲತೇಶನ ಎದೆಯ ಕಡೆ ನೋಡುತ್ತಿದ್ದಳು. ಬೆಳಿಗ್ಗೆ ನಾಲ್ಕು ಮೂಲೆಗೂ ಬಿಗಿಯಾಗಿ ಕೂತಿದ್ದ ನಂಬರಿನ ಬಟ್ಟೆ ಈಗ ಒಂದೇ ಪಿನ್ನಿಗೆ ಜೋತುಬಿದ್ದು ಗಾಳಿಗೆ ಪಟಪಟ ಅನ್ನುತ್ತಿತ್ತು.

ಆಕೆ ಬಂದು ಅವನ ಪಕ್ಕದಲ್ಲಿ ಕೂತಳು. ದನಿ ತಗ್ಗಿಸಿ, ಸಾಲೆಯ ಯಾವುದೋ ಸುದ್ದಿ ಹೇಳುವವಳ ಹಾಗೆ ಹೇಳಿದಳು:

“ನಮ್ಮ ಸಾಲ್ಯಾಗ ಲೆಕ್ಕದ ಪರೀಕ್ಷೆ ಇದ್ದಾಗ ಹುಡುಗೂರು ಪೆನ್ಸಿಲ್ ಮುರ್ಕೋತಾರ್ರಿ. ಚೂಪ ಮಾಡ್ಕೊಂಡ ಬರ್ತೇನ್ರಿ ಟೀಚರ್ ಅಂತ ಎದ್ದ ಹೋಗಾಕ. ಒಮ್ಮೆ ಮುರದ್ರ ನಾ ಸುಮ್ನಿರ್ತೇನಿ. ಮೂರನೇ ಸಲ ಮುರದ್ರ ಪಾಪ ಅನಸ್ತತಿ.”

ಮಾಲತೇಶನ ಕಿವಿ ಬಿಸಿಯಾದವು.

“ಉಳದಿದ್ದ ಪಿನ್ನಾ ಕೊಡ್ರಿ,” ಎಂದು ನೀಲಾ ಕೈ ಚಾಚಿದಳು. ಅವನು ಕೊಟ್ಟ. ನಂಬರಿನ ಬಟ್ಟೆಯನ್ನು ಮಡಚಿ ಅಂಗಿಯೊಳಗೆ ತುರುಕಿಕೊಂಡ. ಆಕೆ ಎದ್ದು ಹೋಗಿ ಅವನ ಸೀಟಿನ ಕೆಳಗಿನ ಹಗ್ಗ ಬಿಚ್ಚಿ, ಒಂದು ತುದಿ ತನ್ನ ಸೀಟಿಗೂ ಇನ್ನೊಂದು ಅವನ ಹ್ಯಾಂಡಲ್ಲಿಗೂ ಕಟ್ಟಿದಳು. ಉಳಿದಿಬ್ಬರಿಗೂ ಕೇಳುವ ಹಾಗೆ, “ಕ್ಯಾಪ್ಟನ್ರ ಗಾಲಿ ನಾಜೂಕ ಆಗೇತಿ, ಜೋರ್ ತುಳಿಯೂದು ಬ್ಯಾಡ. ನಾ ಎಳಿತೇನಿ,” ಎಂದಳು.

ಹೊರಟರು. ಎಳೆಸಿಕೊಳ್ಳುವುದು ಇಷ್ಟು ಹಗುರವೆಂದು ಮಾಲತೇಶನಿಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷ ಇದೆಲ್ಲ ಶಶಿಕಾಂತನ ಪಾಲಿಗೆ ಹೋಯಿತಲ್ಲ ಎಂದು ಹೊಟ್ಟೆಕಿಚ್ಚು ಪಟ್ಟ. ಮರುಕ್ಷಣವೇ ಮುಂದೆ ತುಳಿಯುತ್ತಿದ್ದ ನೀಲಾಳ ಬೆನ್ನು ಬೆವರಿನಲ್ಲಿ ತೊಯ್ದದ್ದು ಕಂಡು ಅವನಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು. ಒಂದು ಊರಿನ ಕಟ್ಟೆಯ ಮೇಲೆ ಕೂತಿದ್ದವರು ಎದ್ದು ನಿಂತರು.

“ಏನ್ ತಂಗೀ, ಕಳ್ಳ ಸಿಕ್ಕಾನನು?”

“ಹೂನ್ರಿ, ಈಗಷ್ಟ ಸಿಕ್ಕಾನ,” ಎಂದು ನೀಲಾ ತುಳಿಯುತ್ತಲೇ ಉತ್ತರಿಸಿದಳು.

ಕೆಲಗೇರಿ ಕೆರೆಯ ದಂಡೆಗೆ ಬಂದಾಗ ಇನ್ನೂ ಬೆಳಕಿತ್ತು. ಆದರೆ ಬ್ಯಾನರನ್ನು ಇಬ್ಬರು ಹುಡುಗರು ಚಾಪೆಯಂತೆ ಸುತ್ತುತ್ತಿದ್ದರು. ಸೀಟಿ ಕೊರಳಿಗೆ ಹಾಕಿಕೊಂಡಿದ್ದ ಸಂಘಟಕ ಬಂದು, ಆರು ಹೊಡೆದು ಹತ್ತು ನಿಮಿಷವಾಯಿತು, ನಿಯಮ ನಿಯಮವೇ, ಮುಂದಿನ ವರ್ಷ ಅಗತ್ಯ ಬನ್ನಿ ಎಂದು ಶುದ್ಧ ಬೆಂಗಳೂರಿನ ಕನ್ನಡದಲ್ಲಿ ಹೇಳಿ, ಒಬ್ಬೊಬ್ಬರಿಗೆ ಒಂದೊಂದು ಬಾಳೆಹಣ್ಣು ಕೊಟ್ಟು ಹೋದ.

ಒಂದು ಪಂಕ್ಚರು ಕಡಿಮೆಯಾಗಿದ್ದರೂ ಮುಟ್ಟುತ್ತಿದ್ದರು. ಶಶಿಕಾಂತ ಬಾಳೆಹಣ್ಣನ್ನು ಸುಲಿಯದೆ ಕೈಯಲ್ಲೇ ಹಿಡಿದು ಕೆರೆ ನೋಡುತ್ತ ನಿಂತ. ಹೊಳೆಯಪ್ಪ ಸೈಕಲ್ ಮಲಗಿಸಿ, ಬಂದು ಮಾಲತೇಶನ ಮುಂದೆ ತಲೆ ತಗ್ಗಿಸಿ ನಿಂತುಕೊಂಡ.

“ನಂದ ತಪ್ಪಾತ್ರಿ ಕ್ಯಾಪ್ಟನ್ರ,” ಎಂದ. “ಎರಡ್ ಟ್ಯೂಬ್ ತರಬೇಕಾಗಿತ್ತು, ಒಂದ ತಂದೆ. ಮೊದಲನೇ ಸಲಾನ ಮುಳ್ಳು ಹುಡಕಿ ತಗದಿದ್ರ ಮತ್ತ ಹೋಗತಿದ್ದಿಲ್ಲ. ನಿಮ್ಮ ಇಷ್ಟ ವರ್ಷದ ಆಸೆ ನನ್ನಿಂದ ಕೆಟ್ಟತು. ಸಿಟ್ಟ ಮಾಡ್ಕೋಬ್ಯಾಡ್ರಿ.”

ಮಾಲತೇಶ ನೀಲಾಳ ಕಡೆ ನೋಡಿದ. ಆಕೆ ಹಗ್ಗ ಬಿಚ್ಚುತ್ತಿದ್ದಳು. ಕೊಂಡಿಯ ಮೇಲಿನ ಕಣ್ಣು ಎತ್ತಲಿಲ್ಲ. ಸುಮ್ಮನಿದ್ದರೆ ಸುಮ್ಮನೆ ಮುಗಿದುಹೋಗುತ್ತಿತ್ತು. ‘ಇರ್ಲಿ ಬಿಡೋ ಹೊಳೆಪ್ಪಾ’ ಎಂದು ದೊಡ್ಡ ಮನಸ್ಸಿನಿಂದ ಕ್ಷಮಿಸಿಯೂ ಬಿಡಬಹುದಿತ್ತು. ಆ ಮಾತು ನಾಲಿಗೆಯ ತುದಿಗೆ ಬಂದೂ ಇತ್ತು. ಹೊಳೆಯಪ್ಪನ ಎರಡು ಬೆರಳಿಗೆ ರಕ್ತವೂ ಸಲ್ಯೂಷನ್ನೂ ಸೇರಿ ಕಪ್ಪಗೆ ಅಂಟಿಕೊಂಡಿತ್ತು.

“ಮುಳ್ಳಲ್ಲೋ,” ಎಂದ ಮಾಲತೇಶ. “ನಾನ ಚುಚ್ಚಿದೆ. ಪಿನ್ನಿನಿಂದ.”

ಹೊಳೆಯಪ್ಪ ತಲೆಯೆತ್ತಿದ. “ಯಾವದನ್ನ?”

“ಮೂರೂ.”

ಶಶಿಕಾಂತ ತಿರುಗಿ ನೋಡಿದ. ಬಾಳೆಹಣ್ಣನ್ನು ಕೆರೆಗೆ ಒಗೆದ. “ಆರ ವರ್ಷ ನಿಮ್ಮ ಹಿಂದ ಅಡ್ಡಾಡೇನಿ,” ಎಂದ. ಸೈಕಲ್ ಹತ್ತಿ ಮಾಳಮಡ್ಡಿಯ ದಾರಿ ಹಿಡಿದವನು ತಿರುಗಿ ನೋಡದೆ ಹೋಗಿಬಿಟ್ಟ.

ಹೊಳೆಯಪ್ಪ ಹೋಗಲಿಲ್ಲ. ಕ್ಯಾಪ್ಟನ್ನನ ಕೆನ್ನೆಗೆ ಈಗ ಒಂದು ಬೀಳುತ್ತದೆಂದು ನೀಲಾ ಹಗ್ಗ ಕೆಳಗಿಟ್ಟು ಎದ್ದು ನಿಂತಳು. ಬೀಳಲಿ ಎಂದೇ ಮಾಲತೇಶನೂ ಕಾದ. ಹೊಳೆಯಪ್ಪ ತನ್ನ ಬೆರಳುಗಳನ್ನು ಚಡ್ಡಿಗೆ ಒರೆಸಿಕೊಂಡ, ಅಂಟು ಹೋಗಲಿಲ್ಲ, ಮತ್ತೆ ಒರೆಸಿಕೊಂಡ.

“ದಣದಿದ್ರ ದಣದೇನಿ ಅನ್ನಬೇಕಾಗಿತ್ತಲ್ಲೋ ಮಾಲತೇಶಾ,” ಎಂದ. ಆರು ವರ್ಷದಲ್ಲಿ ಅವನ ಬಾಯಲ್ಲಿ ಕ್ಯಾಪ್ಟನ್ ಎಂಬುದು ಬಿಟ್ಟು ಬೇರೆ ಹೆಸರು ಬಂದಿರಲಿಲ್ಲ. “ಮೂರ ಮಂದಿ ಇದ್ವಲ್ಲ. ಸರದಿ ಮ್ಯಾಲೆ ಎಳೀತಿದ್ವಿ, ಹೊತ್ಕೊಂಡ ಬೇಕಾದ್ರೂ ಬರತಿದ್ವಿ. ನಮ್ಮನ್ನ ಹೊರಗಿನವ್ರನ್ನ ಮಾಡಿಬಿಟ್ಟಿಯಲ್ಲೋ.”

ಮಾಲತೇಶನಿಗೆ ಹೊಡೆತ ಬಿದ್ದಿದ್ದರೇ ಚೆನ್ನಾಗಿತ್ತು ಅನಿಸಿತು. ಬಾಯಿ ತೆರೆದ. ಇಡೀ ದಿನ ಗಂಟಲಲ್ಲಿ ಸಿಕ್ಕಿಕೊಂಡಿದ್ದ ಮಾತು ಈಗ ಯಾವ ಉಪಯೋಗಕ್ಕೂ ಬಾರದ ಹೊತ್ತಿನಲ್ಲಿ ತಾನಾಗಿಯೇ ಹೊರಗೆ ಬಂತು.

“ದಣದೇನೋ ಹೊಳೆಪ್ಪಾ,” ಎಂದ. “ಭಾಳ ದಣದೇನಿ.” ಅನ್ನುತ್ತಲೇ ಅಧಿಕಾರಿಗಳ ಕಣ್ಣಿನಿಂದ ದಳದಳ ನೀರು ಇಳಿಯಿತು.

“ಕುಂದರು ಹಂಗಾದ್ರ,” ಎಂದ ಹೊಳೆಯಪ್ಪ. “ಈಗೇನ ಅವಸರ ಐತಿ.”